ಕರ್ಮಿಟ್ ಕಾರ್ಟೂನ್ ಅಲ್ಲ, ಅದರೊಳಗೆ ಒಬ್ಬರ ಕೈ ಇತ್ತು

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಮಕ್ಕಳ ಟೀವಿ ಬಗ್ಗೆ ಬಂದ ಬರಹ ಓದಿದೆ. ಚೆನ್ನಾಗಿತ್ತು. ಆದರೆ ಹಸಿರು ಕಪ್ಪೆಯ ಫೋಟೋ ಕೆಳಗೆ 'ಜನಪ್ರಿಯ ಕಾರ್ಟೂನ್ ಪಾತ್ರ ಕರ್ಮಿಟ್' ಅಂತ ಹಾಕಿದ್ದೀರಿ. ಆ ಒಂದು ಸಾಲು ಎರಡು ದಿನ ತಲೆ ಕೊರೆಯಿತು. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಬಹುದು, ಬೇಸರ ಮಾಡಿಕೊಳ್ಳದೆ ಓದಿ.

ಕರ್ಮಿಟ್ ಕಾರ್ಟೂನ್ ಅಲ್ಲ. ಅದನ್ನು ಯಾರೂ ಕಾಗದದ ಮೇಲೆ ಬರೆದು ಓಡಿಸಿದ್ದಲ್ಲ. ಅದು ಬಟ್ಟೆಯ ಗೊಂಬೆ. 1955ರಿಂದ 1990ರವರೆಗೆ, ಅಂದರೆ 35 ವರ್ಷ, ಅದರ ತಲೆಯೊಳಗೆ ಒಬ್ಬ ಮನುಷ್ಯನ ಕೈ ಇತ್ತು. ಅವರ ಹೆಸರು ಜಿಮ್ ಹೆನ್ಸನ್. ಇಡೀ ಪುಟದಲ್ಲಿ ಆ ಹೆಸರು ಒಂದು ಕಡೆಯೂ ಇಲ್ಲ.

ನಾನು ಕುಂದಾಪುರದ ಹತ್ತಿರ ಒಂದು ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಹಳೇ ಕಾಲುಚೀಲಕ್ಕೆ ಗುಂಡಿ ಹೊಲಿದು ಗೊಂಬೆ ಮಾಡಿ ಮಗ್ಗಿ, ಕತೆ ಎಲ್ಲ ಅದರ ಬಾಯಿಂದಲೇ ಹೇಳಿಸುವ ಅಭ್ಯಾಸ ಸುಮಾರು ವರ್ಷಗಳಿಂದ ಇದೆ. ಹಾಗಾಗಿ ಗೊಂಬೆಯೊಳಗಿನ ಕೈ ಎಷ್ಟು ನೋಯುತ್ತದೆ ಅಂತ ನನಗೆ ಗೊತ್ತು. ಹತ್ತು ನಿಮಿಷ ಕೈ ಮೇಲೆತ್ತಿ ಹಿಡಿದರೆ ಭುಜ ಬಿದ್ದುಹೋಗುತ್ತದೆ.

ಹೆನ್ಸನ್ ಹುಟ್ಟಿದ್ದು 1936ರಲ್ಲಿ, ಅಮೆರಿಕದ ಮಿಸಿಸಿಪಿ ರಾಜ್ಯದಲ್ಲಿ. ಲೀಲ್ಯಾಂಡ್ ಅನ್ನುವ ಸಣ್ಣ ಊರಲ್ಲಿ ಆಡಿ ಬೆಳೆದು, ಆಮೇಲೆ ಅಪ್ಪ ಅಮ್ಮನ ಜೊತೆ ವಾಷಿಂಗ್ಟನ್ ಪಕ್ಕದ ಮೇರಿಲ್ಯಾಂಡಿಗೆ ಬಂದರು. ಅವರಿಗಿದ್ದದ್ದು ಗೊಂಬೆಯ ಹುಚ್ಚಲ್ಲ, ಟೀವಿ ಹುಚ್ಚು. ಮನೆಗೆ ಟೀವಿ ತನ್ನಿ ಅಂತ ಅಪ್ಪ ಅಮ್ಮನ ಬೆನ್ನು ಬಿದ್ದಿದ್ದ ಹುಡುಗ. 1954ರಲ್ಲಿ ಹೈಸ್ಕೂಲ್ ಮುಗಿಯುವ ಹೊತ್ತಿಗೆ ಅಲ್ಲಿನ ಒಂದು ಟೀವಿ ಸ್ಟೇಷನ್ನಿನವರು ಗೊಂಬೆ ಆಡಿಸುವ ಹುಡುಗರು ಬೇಕು ಅಂದರು. ಹೆನ್ಸನ್ ಲೈಬ್ರರಿಯಿಂದ ಪುಸ್ತಕ ತಂದು ಓದಿ, ಗೆಳೆಯನ ಜೊತೆ ಕೂತು ಗೊಂಬೆ ಮಾಡಿ, ಆ ಕೆಲಸ ಹಿಡಿದರು. ಹೇಗಾದರೂ ಸ್ಟುಡಿಯೋ ಒಳಗೆ ಕಾಲಿಡಬೇಕಿತ್ತು, ಗೊಂಬೆ ಅದಕ್ಕೆ ದಾರಿಯಾಯಿತು.

ಮರುವರ್ಷವೇ ಅವರಿಗೆ ಸ್ವಂತ ಕಾರ್ಯಕ್ರಮ ಸಿಕ್ಕಿತು. 'ಸ್ಯಾಮ್ ಆ್ಯಂಡ್ ಫ್ರೆಂಡ್ಸ್' ಅಂತ, ಬರೀ 5 ನಿಮಿಷದ್ದು. ಆಗ ಅವರಿನ್ನೂ ಕಾಲೇಜು ಹುಡುಗ. ಜೊತೆಗಿದ್ದವರು ಸಹಪಾಠಿ ಜೇನ್ ನೆಬೆಲ್, ಮುಂದೆ 1959ರಲ್ಲಿ ಅವರನ್ನೇ ಮದುವೆಯಾದರು. ಆ ಕಾರ್ಯಕ್ರಮಕ್ಕೆ ಅಂತ ಅಮ್ಮನ ಒಂದು ಹಳೇ ಹಸಿರು ಕೋಟು ಕತ್ತರಿಸಿ ಗೊಂಬೆ ಹೊಲಿದರು. ಒಂದು ಪಿಂಗ್‌ಪಾಂಗ್ ಚೆಂಡನ್ನು ಎರಡು ಹೋಳು ಮಾಡಿ ಕಣ್ಣು ಅಂಟಿಸಿದರು. ಅದೇ ಕರ್ಮಿಟ್. ಆಗಿನ್ನೂ ಅದು ಕಪ್ಪೆ ಆಗಿರಲಿಲ್ಲ. ಕುತ್ತಿಗೆಗೆ ಆ ಚೂಪು ಚೂಪು ಕಾಲರ್ ಕೂಡ ಇರಲಿಲ್ಲ. ನೋಡಲು ಹಲ್ಲಿ ಥರ ಇತ್ತು. ಕಪ್ಪೆ ಆದದ್ದು ವರ್ಷಗಳ ಮೇಲೆ.

ಈಗ ನನಗೆ ತುಂಬಾ ಇಷ್ಟವಾದ ವಿಷಯಕ್ಕೆ ಬರುತ್ತೇನೆ.

ಹೆನ್ಸನ್‌ಗಿಂತ ಮೊದಲೂ ಟೀವಿಯಲ್ಲಿ ಗೊಂಬೆ ಇತ್ತು. ಶಿಕಾಗೋದ ಬರ್ ಟಿಲ್‌ಸ್ಟ್ರಮ್ 1947ರಿಂದಲೇ ಆಡಿಸುತ್ತಿದ್ದರು, ದೊಡ್ಡ ಕಲಾವಿದ. ಆದರೆ ಆಗ ಕ್ಯಾಮೆರಾ ಮುಂದೆ ಒಂದು ಪುಟ್ಟ ರಂಗಮಂಚ ಇಡುತ್ತಿದ್ದರು. ಪರದೆ, ಚೌಕಟ್ಟು ಎಲ್ಲ ಇರುತ್ತಿತ್ತು, ಆಡಿಸುವವರು ಅದರ ಹಿಂದೆ ಅಡಗುತ್ತಿದ್ದರು. ಹೆನ್ಸನ್ ಕೇಳಿದ್ದು ಒಂದೇ ಪ್ರಶ್ನೆ: ಟೀವಿಗೇ ನಾಲ್ಕು ಅಂಚು ಇದೆಯಲ್ಲ, ಮತ್ತೆ ಇನ್ನೊಂದು ಚೌಕಟ್ಟು ಯಾಕೆ? ಆ ಪುಟ್ಟ ರಂಗಮಂಚವನ್ನೇ ಕಿತ್ತು ಹಾಕಿದರು. ಕ್ಯಾಮೆರಾ ಕಣ್ಣಿಗೆ ಬೀಳದ ಜಾಗ ಎಲ್ಲವೂ ಆಡಿಸುವವರಿಗೆ ಅಡಗುವ ಜಾಗವಾಯಿತು. ಗೊಂಬೆ ಹತ್ತಿರ ಬರಬಹುದು, ದೂರ ಹೋಗಬಹುದು, ಪೂರ್ತಿ ಪರದೆ ತುಂಬುವ ಹಾಗೆ ಮುಖ ತೋರಿಸಬಹುದು. ಮುಖ ಅಷ್ಟು ಹತ್ತಿರ ಬಂದ ಮೇಲೆ ಮರದ ಮುಖ ಸಾಲದು, ಅಲ್ವಾ? ಅದಕ್ಕೆ ಮೆತ್ತನೆ ಬಟ್ಟೆ, ಫೋಮ್ ತಂದರು. ಒಳಗೆ ಬೆರಳು ಸ್ವಲ್ಪ ಮಡಿಸಿದರೆ ಕರ್ಮಿಟ್ ಮುಖ ಸಪ್ಪೆಯಾಗುತ್ತದೆ, ಮುಷ್ಟಿ ಬಿಗಿದರೆ ಮುಖ ಮುದುಡಿ ಸಿಟ್ಟು ಬರುತ್ತದೆ. ಅದರ ಕಣ್ಣು ಅಲ್ಲಾಡುವುದಿಲ್ಲ, ರೆಪ್ಪೆ ಬಡಿಯುವುದಿಲ್ಲ. ನಮಗೆ ಕಾಣುವ ಭಾವನೆ ಎಲ್ಲ ಐದು ಬೆರಳಿನದ್ದು.

ಆಡಿಸುವವರು ತಮ್ಮ ಗೊಂಬೆಯನ್ನು ನೇರ ನೋಡುವುದೇ ಇಲ್ಲ. ಕಾಲ ಬಳಿ ಒಂದು ಟೀವಿ ಇಟ್ಟುಕೊಂಡು, ಪ್ರೇಕ್ಷಕರಿಗೆ ಏನು ಕಾಣುತ್ತದೋ ಅದನ್ನೇ ನೋಡುತ್ತಾ ಆಡಿಸುತ್ತಾರೆ. ಅದು ಕನ್ನಡಿ ಥರ ಅಲ್ಲ. ನೀವು ಕೈಯನ್ನು ಬಲಕ್ಕೆ ಸರಿಸಿದರೆ ಅದರಲ್ಲಿ ಗೊಂಬೆ ಎಡಕ್ಕೆ ಹೋಗುತ್ತದೆ. ನಾನು ಮೊಬೈಲ್ ನಿಲ್ಲಿಸಿಕೊಂಡು ಹಾಗೆ ಮಾಡಲು ಹೋಗಿ ಒಂದು ವಾರ ಒದ್ದಾಡಿದೆ, ಬಲ ಎಡ ಎಲ್ಲ ಕಲಸಿಹೋಯಿತು. ಹೆನ್ಸನ್ ಮೂವತ್ತು ವರ್ಷಕ್ಕಿಂತ ಜಾಸ್ತಿ ಹೀಗೇ ಆಡಿಸಿದರು, ಅದೂ ಕೈ ತಲೆಯ ಮೇಲೆತ್ತಿ, ಅದೇ ಹೊತ್ತಿಗೆ ಮಾತಾಡುತ್ತಾ, ಹಾಡುತ್ತಾ.

'ಸೆಸಮಿ ಸ್ಟ್ರೀಟ್' ಅನ್ನುವ ಅಮೆರಿಕದ ಮಕ್ಕಳ ಟೀವಿ ಕಾರ್ಯಕ್ರಮದ ಎರ್ನಿ ಗೊಂಬೆ ನೋಡಿ. ಅದರ ಎರಡೂ ಕೈ ಬೆರಳು ವಸ್ತು ಹಿಡಿಯುತ್ತವೆ. ಹೇಗೆ ಅಂದರೆ, ಹೆನ್ಸನ್ ಅವರ ಬಲಗೈ ತಲೆಯೊಳಗೆ, ಎಡಗೈ ಗೊಂಬೆಯ ಎಡಗೈಯೊಳಗೆ, ಗೊಂಬೆಯ ಬಲಗೈಯೊಳಗೆ ಪಕ್ಕದಲ್ಲಿ ಒತ್ತಿಕೊಂಡು ನಿಂತ ಇನ್ನೊಬ್ಬರ ಬಲಗೈ. ಮೂರು ಕೈ, ಇಬ್ಬರು ಜನ, ಒಂದೇ ಜೀವ. ಎದುರಿಗೆ ಎರ್ನಿಯ ಗೆಳೆಯ ಬರ್ಟ್ ಗೊಂಬೆ, ಅದನ್ನು ಆಡಿಸುತ್ತಿದ್ದವರು ಫ್ರಾಂಕ್ ಆಜ್. ಈ ಇಬ್ಬರ ಜಗಳ, ಗೆಳೆತನ ನೋಡಿದವರಿಗೆ ಅದು ಬಟ್ಟೆ ಅಂತ ನೆನಪೇ ಇರುವುದಿಲ್ಲ.

ಸೆಸಮಿ ಸ್ಟ್ರೀಟ್ ಶುರುವಾದದ್ದು 1969ರ ನವೆಂಬರ್ 10ಕ್ಕೆ. ಅದರ ತಾಯಿ ಜೋನ್ ಗ್ಯಾಂಜ್ ಕೂನಿ, ಇದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಬಡವರ ಮನೆ ಮಕ್ಕಳು ಶಾಲೆಗೆ ಬರುವ ಮೊದಲೇ ಅಕ್ಷರ, ಅಂಕಿ ಕಲಿತಿರಲಿ ಅನ್ನುವುದು ಅವರ ಆಸೆ. ಮೊದಲಿಗೆ ಮನಶ್ಶಾಸ್ತ್ರ ಬಲ್ಲವರು, ಕಾರ್ಯಕ್ರಮ ನಡೆಯುವ ಬೀದಿಯ ದೃಶ್ಯದಲ್ಲಿ ಬರೀ ಮನುಷ್ಯರು ಇರಲಿ, ಗೊಂಬೆ ಬೇರೆ ಇರಲಿ, ಎರಡೂ ಬೆರೆತರೆ ಮಕ್ಕಳಿಗೆ ಗೊಂದಲ ಅಂದರಂತೆ. ಹಾಗೇ ಮಾಡಿ ಫಿಲಡೆಲ್ಫಿಯಾದ ಮಕ್ಕಳಿಗೆ ತೋರಿಸಿದರು. ಗೊಂಬೆ ಬಂದಾಗ ಮಕ್ಕಳು ಕಣ್ಣು ಕೀಳಲಿಲ್ಲ, ಬೀದಿ ಬಂದ ಕೂಡಲೇ ಅತ್ತಿತ್ತ ನೋಡತೊಡಗಿದರು. ಸರಿ, ಗೊಂಬೆಗಳನ್ನೇ ಬೀದಿಗೆ ಇಳಿಸಿದರು. ಎಂಟು ಅಡಿಗಿಂತ ಎತ್ತರದ ಹಳದಿ ಹಕ್ಕಿ ಬಿಗ್ ಬರ್ಡ್, ಕಸದ ಡಬ್ಬಿಯ ಆಸ್ಕರ್ ಹುಟ್ಟಿದ್ದೇ ಹಾಗೆ. ಮಕ್ಕಳ ಮಾತನ್ನು ದೊಡ್ಡವರು ಕೇಳಿ, ತಮ್ಮ ಲೆಕ್ಕ ಬದಲಾಯಿಸಿಕೊಂಡರು ಅನ್ನುವುದು ನನಗೆ ಟೀಚರಾಗಿ ತುಂಬಾ ದೊಡ್ಡದು.

ಇಷ್ಟಾದ ಮೇಲೆ ಹೆನ್ಸನ್‌ಗೆ ಬೇರೆ ಕಷ್ಟ ಬಂತು. ಗೊಂಬೆ ಅಂದರೆ ಮಕ್ಕಳಿಗೆ ಮಾತ್ರ ಅಂತ ಎಲ್ಲರೂ ತೀರ್ಮಾನ ಮಾಡಿಬಿಟ್ಟರು. ಅವರಿಗೆ ಅದು ಒಪ್ಪಿಗೆ ಇರಲಿಲ್ಲ. ಮನೆಮಂದಿ ಎಲ್ಲ ಕೂತು ನೋಡುವ ಕಾರ್ಯಕ್ರಮ ಮಾಡುತ್ತೇನೆ ಅಂದರೆ ಅಮೆರಿಕದ ದೊಡ್ಡ ಚಾನೆಲ್‌ಗಳು ಬೇಡ ಅಂದವು. ಕೊನೆಗೆ ಕೈ ಹಿಡಿದವರು ಇಂಗ್ಲೆಂಡಿನ ಟೀವಿ ಕಂಪನಿಯೊಂದರ ಯಜಮಾನ ಲ್ಯೂ ಗ್ರೇಡ್. ಹೀಗೆ 1976ರಿಂದ 1981ರವರೆಗೆ ಲಂಡನ್ ಹತ್ತಿರದ ಎಲ್‌ಸ್ಟ್ರೀ ಸ್ಟುಡಿಯೋದಲ್ಲಿ 'ದ ಮಪೆಟ್ ಶೋ' ತಯಾರಾಯಿತು. 120 ಕಂತು, ನೂರಕ್ಕೂ ಹೆಚ್ಚು ದೇಶ.

1979ರ ಅವರ ಸಿನಿಮಾ 'ದ ಮಪೆಟ್ ಮೂವಿ'ಯ ಶುರುವಿನಲ್ಲಿ ಬರುವ ಹಾಡಿನ ದೃಶ್ಯ ಸಿಕ್ಕರೆ ದಯವಿಟ್ಟು ನೋಡಿ. ಜೌಗು ನೀರಿನ ನಡುವೆ ಮರದ ದಿಮ್ಮಿ ಮೇಲೆ ಕೂತು ಕರ್ಮಿಟ್ ಬ್ಯಾಂಜೋ ನುಡಿಸುತ್ತಾ ಹಾಡುತ್ತದೆ. ಸುತ್ತ ಎಲ್ಲೂ ಮನುಷ್ಯ ಅಡಗುವ ಜಾಗ ಇಲ್ಲ. ಹೆನ್ಸನ್ ಇದ್ದದ್ದು ನೀರಿನ ಕೆಳಗೆ, ಒಂದು ಕಬ್ಬಿಣದ ತೊಟ್ಟಿಯೊಳಗೆ. ಆರಡಿಗಿಂತ ಎತ್ತರದ ಆಳು, ಮಂಡಿ ಮಡಚಿ ಮುದುಡಿ ಕೂತು, ಉಸಿರಾಡಲು ಒಂದು ಕೊಳವೆ, ನೋಡಲು ಒಂದು ಪುಟ್ಟ ಟೀವಿ, ಕೈ ಮೇಲೆ ತೂರಿಸಲು ಒಂದು ರಬ್ಬರ್ ತೋಳು, ಅಷ್ಟೇ ಇಟ್ಟುಕೊಂಡು ಆ ಹಾಡಿಗೆ ಗೊಂಬೆ ಆಡಿಸಿದ್ದಾರೆ. ಮೇಲೆ ಕಪ್ಪೆ ನಿರಾಳವಾಗಿ ಬಿಸಿಲು ಕಾಯಿಸುತ್ತಿದೆ. ಇದನ್ನು ನೋಡಿದ ಮೇಲೆ 'ಕಾರ್ಟೂನ್' ಅನ್ನಲು ನನಗೆ ಬಾಯಿ ಬರುವುದಿಲ್ಲ.

ಎಲ್ಲವೂ ಗೆದ್ದಿತು ಅಂತಲ್ಲ. 1986ರಲ್ಲಿ ಬಂದ 'ಲ್ಯಾಬಿರಿಂತ್' ಚಿತ್ರಕ್ಕೆ ಜನ ಬರಲಿಲ್ಲ, ಅವರು ತುಂಬಾ ನೊಂದರು. ಈಗ ಅದನ್ನು ಪ್ರೀತಿಸುವವರು ಬೇಕಾದಷ್ಟು ಜನ ಇದ್ದಾರೆ, ಆದರೆ ಅದನ್ನು ನೋಡಲು ಅವರಿಲ್ಲ. 1990ರ ಮೇ 16ಕ್ಕೆ, ಬ್ಯಾಕ್ಟೀರಿಯಾ ಸೋಂಕಿನಿಂದ, ಬರೀ 53 ವರ್ಷಕ್ಕೆ ಹೋಗಿಬಿಟ್ಟರು. ತನ್ನ ಸಾವಿನ ಸಭೆಗೆ ಯಾರೂ ಕಪ್ಪು ಬಟ್ಟೆ ಹಾಕಬೇಡಿ ಅಂತ ಮೊದಲೇ ಬರೆದಿಟ್ಟಿದ್ದರು. ನ್ಯೂಯಾರ್ಕಿನ ದೊಡ್ಡ ಚರ್ಚಿನಲ್ಲಿ ಬಣ್ಣಬಣ್ಣದ ಬಟ್ಟೆ ತೊಟ್ಟು ಬಂದವರ ಕೈಗೆ ಕಡ್ಡಿಗೆ ಕಟ್ಟಿದ ಫೋಮ್ ಚಿಟ್ಟೆಗಳನ್ನು ಕೊಟ್ಟರು. ಬಿಗ್ ಬರ್ಡ್ ಬಂದು ಕರ್ಮಿಟ್‌ನ ಹಾಡು ಹಾಡಿತು. ಒಳಗೆ ನಿಂತು ಹಾಡಿದವರು ಕ್ಯಾರಲ್ ಸ್ಪಿನ್ನಿ.

ಆ ಸ್ಪಿನ್ನಿ ಬಗ್ಗೆ ಇನ್ನೊಂದು ಮಾತು. ಸೆಸಮಿ ಸ್ಟ್ರೀಟಿನಲ್ಲಿ ಹೂಪರ್ ಅನ್ನುವ ಅಂಗಡಿ ತಾತನ ಪಾತ್ರ ಮಾಡುತ್ತಿದ್ದ ವಿಲ್ ಲೀ 1982ರಲ್ಲಿ ತೀರಿಕೊಂಡರು. ಬೇರೆ ನಟನನ್ನು ತರಲಿಲ್ಲ, ಊರು ಬಿಟ್ಟು ಹೋದರು ಅಂತ ಸುಳ್ಳೂ ಹೇಳಲಿಲ್ಲ. ಮರುವರ್ಷ ಒಂದು ಕಂತಿನಲ್ಲಿ ಬಿಗ್ ಬರ್ಡ್ ತಾನು ಬರೆದ ಎಲ್ಲರ ಚಿತ್ರ ತಂದು ಒಬ್ಬೊಬ್ಬರಿಗೇ ಕೊಡುತ್ತದೆ. ಕೊನೆಗೆ ಕೈಯಲ್ಲಿ ಹೂಪರ್ ಚಿತ್ರ ಉಳಿಯುತ್ತದೆ. ಅವರು ವಾಪಸ್ ಬಂದಾಗ ಕೊಡುತ್ತೇನೆ ಅನ್ನುತ್ತದೆ. ಸತ್ತವರು ವಾಪಸ್ ಬರುವುದಿಲ್ಲ ಅಂತ ದೊಡ್ಡವರು ಮೆಲ್ಲಗೆ ಹೇಳಬೇಕಾಗುತ್ತದೆ. ಆ ಚಿತ್ರಗಳನ್ನು ಸ್ಪಿನ್ನಿ ಅವರೇ ಬರೆದದ್ದು.

ನಮ್ಮ ಶಾಲೆಯಲ್ಲಿ ಬಿಸಿಯೂಟ ಬಡಿಸುತ್ತಿದ್ದ ಅಕ್ಕ ಹೋದ ವರ್ಷ ಮಳೆಗಾಲದಲ್ಲಿ ತೀರಿಕೊಂಡರು. ಮಕ್ಕಳು ಊಟದ ಹೊತ್ತಿಗೆ ತಟ್ಟೆ ಹಿಡಿದು ಸುಮ್ನೆ ನಿಂತುಬಿಡುತ್ತಿದ್ದರು. ನಾನು ಕೇಳಿದರೆ ಒಬ್ಬರೂ ಬಾಯಿ ಬಿಡಲಿಲ್ಲ. ಮೂರನೇ ದಿನ ಕಾಲುಚೀಲದ ಗೊಂಬೆ ಹಾಕಿಕೊಂಡು ಕೂತೆ. ಅದು "ಅಕ್ಕ ಎಲ್ಲಿ? ನಂಗೆ ಸಾರು ಜಾಸ್ತಿ ಬೇಕಿತ್ತು" ಅಂತ ಕೇಳಿತು. ಎರಡನೇ ಕ್ಲಾಸಿನ ಒಬ್ಬಳು ಎದ್ದು ಬಂದು, ನನ್ನ ಮುಖ ನೋಡದೆ, ಗೊಂಬೆ ಕಿವಿಗೆ ಬಾಯಿಟ್ಟು "ಅಕ್ಕ ಇನ್ನು ಬರಲ್ಲ, ನೀನು ಅಳಬೇಡ" ಅಂದಳು. ಆಮೇಲೆ ಒಬ್ಬೊಬ್ಬರೇ ಬಂದರು. ಬಿಗ್ ಬರ್ಡ್‌ನ ಆ ಕಂತು ನೋಡಿರದಿದ್ದರೆ ನನಗೆ ಹೀಗೆ ಮಾಡಬೇಕು ಅಂತ ಹೊಳೆಯುತ್ತಿರಲಿಲ್ಲ.

ಇಲ್ಲಿಂದ ಸ್ವಲ್ಪ ದೂರಕ್ಕೆ ಉಪ್ಪಿನಕುದ್ರು. ಕೊಗ್ಗ ಕಾಮತರ ಮನೆತನದ ಯಕ್ಷಗಾನ ಗೊಂಬೆಯಾಟ ನಾನು ಸಣ್ಣವಳಿದ್ದಾಗ ಅಪ್ಪಯ್ಯನ ತೊಡೆ ಮೇಲೆ ಕೂತು ನೋಡಿದ್ದು. ಅಲ್ಲಿ ಮೇಲಿನಿಂದ ದಾರ, ಹೆನ್ಸನ್‌ದು ಕೆಳಗಿನಿಂದ ಕೈ. ಕೆಲಸ ಬೇರೆ, ಜಾತಿ ಒಂದೇ. ಅಲ್ಲೂ ಗೊಂಬೆ ಕುಣಿತ ಹೊಗಳುತ್ತೇವೆ, ಪರದೆ ಹಿಂದೆ ನಿಂತು ಬೆವರಿದವರ ಹೆಸರು ಕೇಳುವುದು ಮರೆಯುತ್ತೇವೆ. ಹೆನ್ಸನ್ ದುಡಿದದ್ದು ಟೀವಿ ಅನ್ನುವ ಹೊಸ ಜಾಗಕ್ಕೆ ಈ ಹಳೇ ವಿದ್ಯೆಯನ್ನು ಒಗ್ಗಿಸಲು. 1985ರಲ್ಲಿ ಬೇರೆ ಬೇರೆ ದೇಶದ ಆರು ಜನ ಗೊಂಬೆಯಾಟದವರನ್ನು ಹುಡುಕಿ ಹೋಗಿ, ಒಬ್ಬೊಬ್ಬರ ಮೇಲೂ ಒಂದೊಂದು ಕಾರ್ಯಕ್ರಮ ಮಾಡಿದರು, ಕಲಾವಿದರ ಹೆಸರು ಹೇಳಿ, ಅವರ ಕೈ ತೋರಿಸಿ. ರಷ್ಯಾದ ಸೆರ್ಗೆಯ್ ಒಬ್ರಾಜ್‌ತ್ಸೊವ್ ಅವರಲ್ಲಿ ಒಬ್ಬರು.

2006ರಲ್ಲಿ ನಮ್ಮ ದೇಶಕ್ಕೂ 'ಗಲ್ಲಿ ಗಲ್ಲಿ ಸಿಮ್ ಸಿಮ್' ಅಂತ ಹಿಂದಿಯಲ್ಲಿ ಸೆಸಮಿ ಸ್ಟ್ರೀಟ್ ಬಂತು. ಶಾಲೆ ಯೂನಿಫಾರ್ಮ್ ಹಾಕಿದ ಚಮ್ಕಿ ನೋಡಿ ನನ್ನ ಮಕ್ಕಳು ಬಿದ್ದು ಬಿದ್ದು ನಕ್ಕಿದ್ದರು. ನಮ್ಮ ಕನ್ನಡದ ಚಾನೆಲ್‌ಗಳು ಉಪ್ಪಿನಕುದ್ರಿನವರನ್ನೋ, ತೊಗಲುಗೊಂಬೆಯವರನ್ನೋ ಕೂರಿಸಿಕೊಂಡು ವಾರಕ್ಕೆ ಐದೇ ನಿಮಿಷ ಮಕ್ಕಳಿಗೆ ಅಂತ ಏನಾದರೂ ಮಾಡಬಾರದಾ? ಹೆನ್ಸನ್ ಶುರು ಮಾಡಿದ್ದೂ ಐದೇ ನಿಮಿಷದಲ್ಲಿ, ಒಂದು ಹಳೇ ಕೋಟಿನಲ್ಲಿ. ಈ ಬಗ್ಗೆ ನಿಮ್ಮ ಪುರವಣಿ ಒಂದು ಲೇಖನ ಮಾಡಿದರೆ ಓದಲು ಕಾಯುತ್ತೇನೆ.

ಸದ್ಯಕ್ಕೆ ಮುಂದಿನ ಭಾನುವಾರ ಎರಡು ಸಾಲಿನ ತಿದ್ದುಪಡಿ ಹಾಕಿ, ಸಾಕು. 'ಕರ್ಮಿಟ್ ಒಂದು ಗೊಂಬೆ. ಅದನ್ನು ಮಾಡಿ ಆಡಿಸಿದವರು ಜಿಮ್ ಹೆನ್ಸನ್.' ಕತ್ತರಿಸಿ ನಮ್ಮ ಕ್ಲಾಸಿನ ಗೋಡೆಗೆ, ಗೊಂಬೆಗಳನ್ನು ನೇತು ಹಾಕುವ ಮೊಳೆಯ ಪಕ್ಕ ಅಂಟಿಸುತ್ತೇನೆ.

ಇಂತಿ,
ಒಬ್ಬ ಶಾಲಾ ಶಿಕ್ಷಕಿ, ಕುಂದಾಪುರ