ಲೈನ್ ಮನೆಯ ಜಗಲಿಯಲ್ಲೇ ತರಗತಿ ನಡೆಯಲಿ

ಮಾನ್ಯ ಸಂಪಾದಕರೇ,

ಹದಿನೈದು ವರ್ಷ ಮೀರಿದ ಅನಕ್ಷರಸ್ಥರಿಗೆ ಸ್ವಯಂಸೇವಕರ ಮೂಲಕ ಓದು, ಬರಹ, ಲೆಕ್ಕ ಕಲಿಸಲು ಕೇಂದ್ರ ಸರ್ಕಾರ 2022ರಿಂದ 2027ರವರೆಗೆ ‘ಉಲ್ಲಾಸ್’ ಕಾರ್ಯಕ್ರಮ ರೂಪಿಸಿದೆ. 2011ರ ಜನಗಣತಿಯಲ್ಲಿ ಸಾಕ್ಷರತೆ ಸುಮಾರು ಶೇ 76ರಷ್ಟಿದ್ದ ಹಾಸನ ಜಿಲ್ಲೆಯ ಸಕಲೇಶಪುರದ ಕಾಫಿ ತೋಟಗಳಲ್ಲಿ ಬಟವಾಡೆ ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತುವವರು ಇಂದಿಗೂ ಇದ್ದಾರೆ. ದಿನವಿಡೀ ಹಣ್ಣು ಕುಯ್ದು ಕತ್ತಲಾಗುವಾಗ ಮನೆ ಸೇರುವ ಹೆಂಗಸರನ್ನು ದೂರದ ಶಾಲೆಗೆ ಕರೆಯುವುದಕ್ಕಿಂತ, ಕುಯ್ಲಿಲ್ಲದ ತಿಂಗಳುಗಳ ಸಂಜೆ ಲೈನ್ ಮನೆಯ (ತೋಟದ ಕಾರ್ಮಿಕರ ಸಾಲುಮನೆಯ) ಜಗಲಿಯಲ್ಲೇ ತರಗತಿ ನಡೆಸುವುದು ಮೇಲು. ನಲವತ್ತು ದಾಟಿದ ಅನೇಕರಿಗೆ ಹತ್ತಿರದ ಅಕ್ಷರ ಮಂಜಾಗಿ ಕಾಣುತ್ತದೆ (ಇದನ್ನು ಯಾರೂ ವಿಚಾರಿಸುವುದೇ ಇಲ್ಲ). ಪುಸ್ತಕದೊಂದಿಗೆ ಕನ್ನಡಕವನ್ನೂ ಕೊಡಬೇಕು. ಅಲ್ಲಿಯೇ ಅವರ ಮಕ್ಕಳಿಂದಲೂ ಅರ್ಧ ಗಂಟೆ ಗಟ್ಟಿಯಾಗಿ ಓದಿಸಲು ಕಾಲೇಜುಗಳ ಎನ್‌ಎಸ್‌ಎಸ್ ವಿದ್ಯಾರ್ಥಿಗಳನ್ನು ಜಿಲ್ಲಾಡಳಿತ ನಿಯೋಜಿಸಲಿ.

– ಓದುಗ, ಸಕಲೇಶಪುರ