ಬೇಕಲದ ದಾರಿಯಲ್ಲಿ ಇಂಗ್ಲಿಷ್ ಪಾಠ: ಜಿಲ್ಲಾ ಪಂಚಾಯತ್ ಅಧ್ಯಕ್ಷರಿಗೊಂದು ಬಹಿರಂಗ ಪತ್ರ

ಕಾಸರಗೋಡು ಜಿಲ್ಲಾ ಪಂಚಾಯತಿನ ಸನ್ಮಾನ್ಯ ಅಧ್ಯಕ್ಷರಿಗೆ,

ನಮಸ್ಕಾರ.

ಸರಕಾರಿ ಹೈಸ್ಕೂಲುಗಳ ಹೊಣೆ ಜಿಲ್ಲಾ ಪಂಚಾಯತಿನದು, ಅದಕ್ಕೇ ಈ ಪತ್ರ ನಿಮಗೆ. ಕಟ್ಟಡ ಕೇಳುತ್ತಿಲ್ಲ, ಕಂಪ್ಯೂಟರ್ ಕೇಳುತ್ತಿಲ್ಲ. ಕನ್ನಡ ಮಾಧ್ಯಮದ ಎಂಟು, ಒಂಬತ್ತನೇ ತರಗತಿ ಮಕ್ಕಳಿಗೆ ಇಂಗ್ಲಿಷಿನಲ್ಲಿ ಒಂದು ತೆಳು ಪುಸ್ತಕ ಮಾಡಿಸಿಕೊಡಿ. ನಲವತ್ತು ಪುಟ ಸಾಕು. ಒಳಗೆ ಇರಬೇಕಾದ್ದು ಊರು ಸುತ್ತುವ ಪಾಠಗಳು. ಮೊದಲು ದೊಡ್ಡ ನಗರಗಳ ಟೂರ್ ಬಸ್ಸು, ಆಮೇಲೆ ನಮ್ಮ ಜಿಲ್ಲೆ.

ಟೂರಿಗೂ ಇಂಗ್ಲಿಷ್ ಕಲಿಯುವುದಕ್ಕೂ ಏನು ಸಂಬಂಧ ಅಂತ ನಿಮಗೆ ಅನ್ನಿಸಬಹುದು. ನಾನು ಇಂಗ್ಲಿಷ್ ಟೀಚರ್ ಆಗಿ ನಿವೃತ್ತಳಾದವಳು. ಈಗ ಭಾನುವಾರಗಳಲ್ಲಿ ನಮ್ಮೂರ ಗ್ರಂಥಾಲಯದಲ್ಲಿ ಮಕ್ಕಳನ್ನು ಕೂರಿಸಿಕೊಂಡು ಓದಿಸುತ್ತೇನೆ. ಅಲ್ಲಿ ನಡೆದದ್ದನ್ನು ಹೇಳಿಬಿಡುತ್ತೇನೆ, ಸಂಬಂಧ ಏನೆಂದು ತಾನಾಗಿ ಗೊತ್ತಾಗುತ್ತದೆ.

ಲಂಡನ್ನಿನಲ್ಲಿ ಮೇಲ್ಚಾವಣಿ ಇಲ್ಲದ ಡಬಲ್ ಡೆಕ್ಕರ್ ಬಸ್ಸುಗಳಿವೆ. ಒಮ್ಮೆ ಟಿಕೇಟು ತೆಗೆದರೆ ಬೇಕಾದ ಸ್ಟಾಪಿನಲ್ಲಿ ಇಳಿದು, ನೋಡಿ, ಹಿಂದಿನಿಂದ ಬರುವ ಬಸ್ಸು ಹತ್ತಬಹುದು. 1894ರಲ್ಲಿ ತೆರೆದ ಟವರ್ ಬ್ರಿಡ್ಜ್, 135 ಮೀಟರ್ ಎತ್ತರದ ಲಂಡನ್ ಐ, 1666ರ ಬೆಂಕಿ ಅನಾಹುತದ ನೆನಪಿಗೆ ಕಟ್ಟಿದ 311 ಮೆಟ್ಟಿಲಿನ ಕಂಬ, ಹೀಗೆ ದಾರಿಯುದ್ದಕ್ಕೂ ನೋಡುವುದು ಇದೆ. ಇದನ್ನೆಲ್ಲ ಸಣ್ಣ ಸಣ್ಣ ವಾಕ್ಯಗಳಲ್ಲಿ ಬರೆದು, ಕೆಳಗೆ ನಾನೇ ಒಂದು ಟೈಮ್‌ಟೇಬಲ್ ಮಾಡಿ ಹಾಕಿದೆ. ಇಡೀ ಸುತ್ತಿಗೆ ಎರಡು ಗಂಟೆ, ಇಪ್ಪತ್ತು ನಿಮಿಷಕ್ಕೊಂದು ಬಸ್ಸು, ಸಂಜೆ ಐದಕ್ಕೆ ಕೊನೆಯದು.

ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗನಿದ್ದಾನೆ. ಪದ್ಯ ಓದು ಅಂದರೆ ಬೆಂಚಿನ ಕೆಳಗೆ ಏನೋ ಹುಡುಕಲು ಶುರು ಮಾಡುತ್ತಾನೆ. ತಂದೆ ಖಾಸಗಿ ಬಸ್ಸಿನ ಕಂಡಕ್ಟರ್. ಈ ಹಾಳೆ ಕೊಟ್ಟ ದಿನ ಬೇರೆಯವರು ಮೊದಲ ಸಾಲು ಓದುತ್ತಿರುವಾಗಲೇ ಅವನ ಬೆರಳು ಟೈಮ್‌ಟೇಬಲ್ ಮೇಲಿತ್ತು. “ಎರಡು ಗಂಟೆ ಸುತ್ತು, ಇಪ್ಪತ್ತು ನಿಮಿಷಕ್ಕೊಂದು ಅಂದರೆ ಆರು ಬಸ್ಸಾದರೂ ಬೇಕಲ್ವಾ ಟೀಚರ್? ಡ್ರೈವರ್‌ಗೆ ಚಾ ಕುಡಿಯಲು ಟೈಮ್ ಯಾವಾಗ?” ಅಂತ ಕೇಳಿದ. ಲೆಕ್ಕ ಸರಿಯಾಗಿತ್ತು. ಇಂಗ್ಲಿಷಿನಲ್ಲಿ ಬರೆದದ್ದನ್ನು ಓದಿ, ಅರ್ಥ ಮಾಡಿಕೊಂಡು, ಅದರಲ್ಲಿಲ್ಲದ ಪ್ರಶ್ನೆ ಎತ್ತಿದ್ದ. ಓದುವುದು ಎಂದರೆ ಮತ್ತೇನು?

ಇಂಥ ಬರಹಕ್ಕೊಂದು ಗುಣವಿದೆ. ಎಲ್ಲವನ್ನೂ ಬಾಯಿಪಾಠ ಮಾಡಬೇಕಾಗಿಲ್ಲ. ಟಿಕೇಟಿಗೆ ಎಷ್ಟು, ಎಲ್ಲಿ ಇಳಿಯಬೇಕು, ಮಳೆ ಬಂದರೆ ಏನು ಗತಿ ಎಂದು ಬೇಕಾದ್ದನ್ನು ಹುಡುಕಿ ಓದಬೇಕು. ಗೊತ್ತಿಲ್ಲದ ಶಬ್ದ ಬಂದರೂ ಸುತ್ತಲಿನ ನಾಲ್ಕು ಶಬ್ದ ಕೈ ಹಿಡಿಯುತ್ತವೆ. ಓದಿ ಮುಗಿದ ಮೇಲೆ ಒಬ್ಬ ಗೈಡ್, ಇನ್ನಿಬ್ಬರು ಪ್ರವಾಸಿಗಳು. ಮಾತಾಡಲು ಬೇರೆ ವಿಷಯ ಹುಡುಕಬೇಕಾಗಿಲ್ಲ. ಅಷ್ಟು ದೂರದ ಲಂಡನ್ನೇ ಆಗಬೇಕೆಂದಿಲ್ಲ. ಕೇರಳದ ಕೆಎಸ್‌ಆರ್‌ಟಿಸಿ 2022ರಲ್ಲಿ ತಿರುವನಂತಪುರದಲ್ಲಿ ಇಂಥದ್ದೇ ಬಸ್ಸು ಶುರು ಮಾಡಿತು. ಮೈಸೂರಿನಲ್ಲಿ ‘ಅಂಬಾರಿ’ ಇದೆ.

ಆದರೆ ಲಂಡನ್ನಿನಲ್ಲೇ ನಿಂತರೆ ಕೆಲಸ ಅರ್ಧ. ಟವರ್ ಬ್ರಿಡ್ಜ್ ಬಗ್ಗೆ ನಾಲ್ಕು ವಾಕ್ಯ ಹೇಳಿದ ಮಕ್ಕಳನ್ನೇ ಚಂದ್ರಗಿರಿ ಹೊಳೆಯ ಬಗ್ಗೆ ಹೇಳಿ ಅಂದೆ. ಇಡೀ ಕೋಣೆ ಸುಮ್ಮನಾಯಿತು. ಓದಿದ್ದರೆ ತಾನೇ ಹೇಳುವುದು? ನಮ್ಮ ಊರಿನ ಬಗ್ಗೆ ಆ ಮಟ್ಟದ ಇಂಗ್ಲಿಷಿನಲ್ಲಿ ಬರೆದದ್ದು ಅವರ ಕೈಗೆ ಸಿಕ್ಕಿಯೇ ಇಲ್ಲ. ಸಿಗುವುದು ಪ್ರವಾಸಿ ಕರಪತ್ರ. ಅದರಲ್ಲಿ ಬರೀ ವಿಶೇಷಣಗಳು. ಬೇಕಲ ಕೋಟೆ ‘ಮನಮೋಹಕ’ ಅಂತ ಮೂರು ಸಲ ಹೇಳಿರುತ್ತಾರೆ. ಸುಮಾರು 1650ರಲ್ಲಿ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ್ದು, ವಿಸ್ತಾರ ನಲವತ್ತು ಎಕರೆ, ಒಳಗೊಂದು ವೀಕ್ಷಣಾ ಗೋಪುರ ಇದೆ ಅಂತ ನೆಟ್ಟಗೆ ಹೇಳುವುದಿಲ್ಲ. ಮಕ್ಕಳಿಗೆ ಬೇಕಾದ್ದು ಈ ನೆಟ್ಟಗಿನ ಇಂಗ್ಲಿಷ್.

ಹಾಗಾಗಿ ನಾವೇ ಬರೆಯಲು ಕೂತೆವು. ಅದರಲ್ಲಿ ತುಂಬ ಚೆನ್ನಾಗಿ ಬಂದದ್ದು ಅನಂತಪುರ. ಕೆರೆಯ ಮಧ್ಯದ ದೇವಸ್ಥಾನ, ಆ ಕೆರೆಯ ಮೊಸಳೆ ಬಬಿಯ, ನಿಮಗೆ ಗೊತ್ತೇ ಇದೆ. ಎಲ್ಲಿಂದಲೋ ತೆಗೆದ ಇಂಗ್ಲಿಷ್ ಬರಹದಲ್ಲಿ ಮೊಸಳೆ ಇನ್ನೂ ಬದುಕಿತ್ತು. “ಟೀಚರ್, ಬಬಿಯ 2022ರಲ್ಲಿ ಸತ್ತಿದೆ, ಇದು ತಪ್ಪು” ಎಂದು ಒಬ್ಬ ಹುಡುಗಿ ಕ್ರಿಯಾಪದಗಳನ್ನೆಲ್ಲ ಭೂತಕಾಲಕ್ಕೆ ತಿದ್ದಿದಳು. ಪಕ್ಕದವಳು ಬಿಡಲಿಲ್ಲ. ಮಾರನೇ ವರ್ಷ ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಂಡಿತಲ್ಲ, ಅದಕ್ಕೆ ವರ್ತಮಾನಕಾಲವೇ ಬೇಕು ಅಂದಳು. ಒಂದು ಮೊಸಳೆಗೆ ಒಂದು ಕಾಲ, ಇನ್ನೊಂದಕ್ಕೆ ಇನ್ನೊಂದು. ಇಬ್ಬರೂ ಜಗಳವಾಡುತ್ತ ಅರ್ಧ ಪುಟ ಬರೆದರು. ವ್ಯಾಕರಣ ಪುಸ್ತಕ ಹಿಡಿದುಕೊಂಡು ಇಷ್ಟನ್ನು ಹೇಳಿಕೊಡಲು ನನಗೆ ವಾರಗಟ್ಟಲೆ ಹಿಡಿಯುತ್ತಿತ್ತು.

ಎಡನೀರಿನ ಪುಟವೂ ಹಾಗೆಯೇ. 1973ರಲ್ಲಿ ಸುಪ್ರೀಂ ಕೋರ್ಟಿನ 13 ನ್ಯಾಯಾಧೀಶರು ಕೂತು ತೀರ್ಪು ಕೊಟ್ಟ ಕೇಶವಾನಂದ ಭಾರತಿ ಪ್ರಕರಣ ನಮ್ಮ ಎಡನೀರು ಮಠದ ಸ್ವಾಮೀಜಿಯವರದ್ದು. ಸಂವಿಧಾನದ ಮೂಲ ರಚನೆಯನ್ನು ಸಂಸತ್ತೂ ಬದಲಾಯಿಸುವಂತಿಲ್ಲ ಎಂದ ತೀರ್ಪು ಅದು. ದೇಶದ ಕಾನೂನು ವಿದ್ಯಾರ್ಥಿಗಳೆಲ್ಲ ಓದುವ ಹೆಸರು. ಎಡನೀರಿನ ಬಸ್‌ಸ್ಟಾಪಿನಲ್ಲಿ ದಿನಾ ಇಳಿಯುವ ಹುಡುಗನಿಗೆ ಇದನ್ನು ಹೊರಗಿನವರಿಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಹೇಳಲು ಬರಬೇಡವೇ? ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆ, ತಳಂಗರೆಯ ಮಾಲಿಕ್ ದೀನಾರ್ ಮಸೀದಿ, ಮಧೂರು ದೇವಸ್ಥಾನ, 1916ರಲ್ಲಿ ಶುರುವಾದ ತೆಂಗು ಸಂಶೋಧನಾ ಕೇಂದ್ರ ಎಲ್ಲವೂ ಒಂದೊಂದು ಸ್ಟಾಪು. ಊರುಗಳ ಹೆಸರನ್ನು ಮಾತ್ರ ಊರವರು ಕರೆಯುವ ಹಾಗೆ ಅಚ್ಚು ಹಾಕಿಸಿ. ನಮ್ಮ ಮಂಜೇಶ್ವರದ ಬಾಲಕ್ಕೆ ಒಂದು ‘ಮ್’ ಅಂಟಿಸುವುದು ಬೇಡ.

ಕನ್ನಡ ಮಾಧ್ಯಮಕ್ಕೇ ಯಾಕೆ ಅಂತ ಕೇಳಿದರೆ, ಹೇಳುತ್ತೇನೆ. ಇಲ್ಲಿನ ಮಗು ಮನೆಯಲ್ಲಿ ತುಳುವೋ ಹವ್ಯಕವೋ ಮರಾಠಿಯೋ ಬ್ಯಾರಿಯೋ ಮಾತಾಡುತ್ತದೆ. ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ. ಇಂಗ್ಲಿಷ್ ಬರುವುದು ನಾಲ್ಕನೆಯದಾಗಿ. ಅಂಗಡಿಯಲ್ಲಿ ಸಿಗುವ ಇಂಗ್ಲಿಷ್ ಗೈಡು ತಂದರೆ ಅರ್ಥ ವಿವರಣೆ ಮಲಯಾಳದಲ್ಲಿ. ಕಷ್ಟದ ಶಬ್ದಕ್ಕೆ ಪುಟದ ಅಡಿಯಲ್ಲಿ ಕನ್ನಡದಲ್ಲೊಂದು ಸಾಲು ಇದ್ದರೆ ಮಗು ಯಾರನ್ನೂ ಕೇಳದೆ ಮುಂದೆ ಓದುತ್ತದೆ. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಶಾಲೆಗೆ ಹಾಕುವ ಹಳೇ ತಕರಾರು ಇದೆ, ಅದನ್ನು ಇವತ್ತು ಎತ್ತುವುದಿಲ್ಲ. ಅದಕ್ಕೆ ಬೇರೆ ಪತ್ರವೇ ಬೇಕು.

ಪರೀಕ್ಷೆಗೆ ಇದು ಬರುತ್ತದಾ ಅಂತ ಪೋಷಕರು ಕೇಳಿಯೇ ಕೇಳುತ್ತಾರೆ. ಎಸ್‌ಎಸ್‌ಎಲ್‌ಸಿ ಇಂಗ್ಲಿಷ್ ಪೇಪರ್ ತೆಗೆದು ನೋಡಲಿ. ಸಂಭಾಷಣೆ ಬರೆಯಿರಿ, ನೋಟಿಸು ತಯಾರಿಸಿ, ಕೊಟ್ಟ ಭಾಗ ಓದಿ ಉತ್ತರಿಸಿ ಅಂತಲೇ ಇರುತ್ತದೆ. ನಾವು ಮಾಡುವುದೂ ಅದನ್ನೇ.

ಪುಸ್ತಕ ಬರೆಯಲು ಹೊರಗಿನ ಏಜೆನ್ಸಿಗೆ ಕೊಡಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಅಧ್ಯಾಪಕರಿಗೆ ತರಬೇತಿ ಕೊಡುವ ಜಿಲ್ಲಾ ಸಂಸ್ಥೆ, ಮಾಯಿಪ್ಪಾಡಿಯ ಡಯಟ್, ನಮ್ಮಲ್ಲೇ ಇದೆ. ಅಲ್ಲಿ ಕನ್ನಡ ಮಾಧ್ಯಮದ ಇಂಗ್ಲಿಷ್ ಅಧ್ಯಾಪಕರನ್ನು ಎರಡು ದಿನ ಕೂರಿಸಿದರೆ ಕರಡು ಸಿದ್ಧವಾಗುತ್ತದೆ. ಜೊತೆಗೆ ನಾಲ್ಕು ಮಕ್ಕಳನ್ನೂ ಕರೆಯಿರಿ. ಅವರಿಗೆ ಎಲ್ಲಿ ಓದು ಅಡ್ಡ ನಿಲ್ಲುತ್ತದೆ ಎಂಬುದು ದೊಡ್ಡವರಿಗೆ ಗೊತ್ತಾಗುವುದಿಲ್ಲ. ಇನ್ನೊಂದು, ಹೈಸ್ಕೂಲುಗಳ ಪ್ರವಾಸ ಸಾಮಾನ್ಯವಾಗಿ ಮೈಸೂರು ಇಲ್ಲವೇ ಯಾವುದಾದರೂ ವಾಟರ್ ಪಾರ್ಕಿಗೆ. ಅದು ಬೇಡ ಅನ್ನುವುದಿಲ್ಲ, ಮಕ್ಕಳಿಗೆ ನೀರಾಟವೂ ಬೇಕು. ಅದರ ಜೊತೆಗೆ ವರ್ಷಕ್ಕೊಂದು ದಿನ ಜಿಲ್ಲೆಯೊಳಗೇ ಒಂದು ಸುತ್ತು ಇರಲಿ. ಕುಂಬಳೆಯಿಂದ ಹೊರಟು ಅನಂತಪುರ, ಮಧೂರು, ತಳಂಗರೆ, ಕೊನೆಗೆ ಬೇಕಲ. ಪ್ರತಿ ಸ್ಟಾಪಿನಲ್ಲೂ ಒಬ್ಬ ವಿದ್ಯಾರ್ಥಿ ಗೈಡ್ ಆಗಿ ಇಂಗ್ಲಿಷಿನಲ್ಲಿ ಎರಡು ನಿಮಿಷ ಮಾತಾಡಲಿ. ತಡವರಿಸಿದರೆ ತಡವರಿಸಲಿ. ಬಸ್ಸಿನ ಬಾಡಿಗೆಗೆ ವಾರ್ಷಿಕ ಯೋಜನೆಯಲ್ಲಿ ಒಂದು ಸಾಲು ಸೇರಿಸಿದರೆ ಆಯಿತು.

ನಾವು ಬರೆದ ಹಾಳೆಗಳ ಒಂದು ಪ್ರತಿಯನ್ನು ವಿದ್ಯಾನಗರದ ನಿಮ್ಮ ಕಚೇರಿಗೆ ಕಳಿಸುತ್ತಿದ್ದೇನೆ. ಶಿಕ್ಷಣದ ವರ್ಕಿಂಗ್ ಗ್ರೂಪ್ ಮುಂದಿನ ಸಲ ಸೇರುವಾಗ ಅದು ಮೇಜಿನ ಮೇಲಿರಲಿ. ಸದಸ್ಯರು ಅನಂತಪುರದ ಪುಟವನ್ನು ಮೊದಲು ಓದಲಿ. ಅದರಲ್ಲಿ ಇಬ್ಬರು ಹುಡುಗಿಯರ ಕೈಬರಹದ ತಿದ್ದುಪಡಿ ಹಾಗೇ ಉಳಿದಿದೆ, ಅದನ್ನು ಟೈಪ್ ಮಾಡಿಸಿಲ್ಲ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಇಂಗ್ಲಿಷ್ ಅಧ್ಯಾಪಕಿ, ಕುಂಬಳೆ