ಮಗಳಿಗೊಂದು ಪತ್ರ: ಆಟಿಯ ತಟ್ಟೆ

ಪ್ರೀತಿಯ ಪುಟ್ಟೀ,

ಭಾನುವಾರ ನೀನು ಕಳಿಸಿದ ಫೋಟೊ ನೋಡಿದೆ. ಬೆಂಗಳೂರಿನ ಹಾಲ್‌ನಲ್ಲಿ ‘ಆಟಿಡೊಂಜಿ ದಿನ’, ನಮ್ಮ ತುಳುವರ ಆಟಿ ತಿಂಗಳ ನೆನಪಿನ ಕೂಟ. ಬಾಳೆಲೆ ಹಾಸಿದ ತಟ್ಟೆಯಲ್ಲಿ ಪತ್ರೊಡೆ, ತಜಂಕ್ ಸೊಪ್ಪಿನ ಅಂಬಡೆ ಅಂದರೆ ವಡೆ, ಹಲಸಿನ ಬೀಜದ ಚಟ್ನಿ. ಹಿಂದೆ ಕಳಂಜನ ವೇಷದ ಹುಡುಗ. ಕೆಳಗೆ ಬರೆದಿದ್ದೆ: ‘ಅಮ್ಮಾ, ನಿಮ್ಮ ಬಾಲ್ಯ ಎಷ್ಟು ಚಂದ ಇದ್ದಿರ್ಬೇಕು!’ ನಾನೊಂದು ನಗುಮುಖ ಒತ್ತಿ ಸುಮ್ಮನಾದೆ. ರಾತ್ರಿ ನಿದ್ದೆ ಬರಲಿಲ್ಲ ಮಾರಾಯ್ತಿ. ಫೋನಿನಲ್ಲಿ ಶುರುಮಾಡಿದರೆ ‘ಕ್ಲಾಸ್ ಉಂಟಮ್ಮಾ’ ಅನ್ನುತ್ತೀ. ಅದಕ್ಕೇ ಈ ಕಾಗದ.

ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ ಆಟಿ. ಏಣಿಲಿನ, ಅಂದರೆ ಮಳೆಗಾಲದ ಬೆಳೆಯ ನೇಜಿ ನೆಟ್ಟು ಮುಗಿದಿರುತ್ತದೆ, ಗದ್ದೆಯಲ್ಲಿ ಕೂಲಿ ಇಲ್ಲ. ಮಳೆ ಬಿಡುವುದಿಲ್ಲ. ಹಿಂದಿನ ಬೆಳೆಯ ಅಕ್ಕಿ ತಳ ಕಂಡಿರುತ್ತದೆ. ತಜಂಕ್ ತಿಂದದ್ದು ರುಚಿಗಲ್ಲ. ಅದು ಗುಡ್ಡೆಬದಿಯಲ್ಲಿ ಯಾರೂ ಬಿತ್ತದೆ ಹುಟ್ಟುತ್ತದೆ, ಅದಕ್ಕೆ. ಪತ್ರೊಡೆಯ ಕೆಸುವಿನೆಲೆ ತೋಡಿನ ದಡದ್ದು. ಹಲಸಿನ ಸೊಳೆಯನ್ನು ಬೇಸಿಗೆಯಲ್ಲೇ ಭರಣಿಯ ಉಪ್ಪುನೀರಿಗೆ ಹಾಕಿಡುತ್ತಿದ್ದರು. ಪತ್ರೊಡೆಗೆ ಅಕ್ಕಿ ಅರೆಯಬೇಕಲ್ಲ, ಹಾಗಾಗಿ ನಮಗದು ಅಪರೂಪ. ಎಣ್ಣೆಯಲ್ಲಿ ಕರಿದ ಅಂಬಡೆಯನ್ನು ನಾನು ಮೊದಲು ತಿಂದದ್ದೇ ಮದುವೆಯಾದ ಮೇಲೆ.

ಇನ್ನು ಆ ಕಳಂಜ. ಅವನು ಮನೆಮನೆಗೆ ಬಂದು ಕುಣಿದು ಊರಿನ ಮಾರಿ ಕಳೆಯುವವನು. ಅವನಿಗೆ ಅಕ್ಕಿಯೋ ಭತ್ತವೋ ಕೊಡಬೇಕು. ಅವನ ಜೊತೆಯ ತೆಂಬರೆ ವಾದ್ಯದ ಸದ್ದು ಕೇಳಿದ್ದೇ ನಿನ್ನ ಅಜ್ಜಿ ಬಾಗಿಲು ಮುಚ್ಚಿ ನಮ್ಮ ಮೂವರನ್ನೂ ಒಳಕೋಣೆಗೆ ತಳ್ಳುತ್ತಿದ್ದಳು. ಅಂಗಳದಲ್ಲಿ ಅವನು ಸ್ವಲ್ಪ ಹೊತ್ತು ಕುಣಿದು, ಕಾದು, ಹೋಗುತ್ತಿದ್ದ. ಬಾಗಿಲ ಸಂದಿಯಿಂದ ಕಾಣುತ್ತಿದ್ದದ್ದು ಅವನ ಸೊಂಟದ ತೆಂಗಿನ ಗರಿ ಮಾತ್ರ.

ನಮ್ಮನ್ನು ಸಾಕಿದ್ದು ಬೀಡಿ. ರಾತ್ರಿ ಎಲೆಗೆ ನೀರು ಚಿಮುಕಿಸಿ ಗೋಣಿಯಲ್ಲಿ ಸುತ್ತಿಡುವುದು, ಬೆಳಿಗ್ಗೆ ತಗಡಿನ ಅಳತೆಯಿಟ್ಟು ಕತ್ತರಿಸುವುದು. ಮಡಿಲಲ್ಲಿ ತಡ್ಪೆ, ಅಂದರೆ ಮೊರ. ಒಂದು ಚಿಟಿಕೆ ಹೊಗೆಸೊಪ್ಪು, ಬೆರಳ ತುದಿಯಲ್ಲೇ ಸುತ್ತು, ನೂಲು, ಬಾಯಿ ಮಡಚು. 1985ರಲ್ಲಿ, ಐದನೇ ಕ್ಲಾಸಿನಲ್ಲಿ, ಶಾಲೆಯಿಂದ ಬಂದು ನಾನು 200 ಬೀಡಿ ಮುಗಿಸದೆ ಪುಸ್ತಕ ಮುಟ್ಟುವಂತಿರಲಿಲ್ಲ. ಎಷ್ಟು ಕೈ ತೊಳೆದರೂ ಗಂಜಿಗೆ ಹೊಗೆಸೊಪ್ಪಿನ ಕಹಿ. ಶನಿವಾರ ಬುಟ್ಟಿ ಹೊತ್ತು ಬ್ರಾಂಚಿಗೆ, ಅಂದರೆ ಬೀಡಿ ಒಪ್ಪಿಸುವ ಕಂತ್ರಾಟುದಾರನ ಅಂಗಡಿಗೆ. ಅಲ್ಲಿನ ಚೆಕ್ಕರ್ ಒಂದೊಂದೇ ಕಟ್ಟು ಬಿಚ್ಚಿ, ಮನಸ್ಸಿಗೆ ಬಾರದ್ದನ್ನು ಮುರಿದು ಬದಿಗೆ ಎಸೆಯುತ್ತಿದ್ದ. ಕೊಟ್ಟ ಎಲೆಯೇ ತೂತಾಗಿದ್ದರೂ ಕಡಿಮೆ ಬಿದ್ದದ್ದಕ್ಕೆ ನಾವೇ ದುಡ್ಡು ಕೊಟ್ಟು ಎಲೆ ತರಬೇಕು.

ಏಳನೆಯಲ್ಲಿದ್ದಾಗ ಮಾಸ್ಟ್ರು ಹೇಳಿದರು, ಬೀಡಿ ಕಟ್ಟುವವರ ಮಕ್ಕಳಿಗೆ ವಿದ್ಯಾರ್ಥಿವೇತನ ಉಂಟು, 1976ರ ಕಲ್ಯಾಣ ನಿಧಿ ಕಾಯ್ದೆಯದ್ದು, ಅಮ್ಮನ ಬೀಡಿ ಕಾರ್ಮಿಕರ ಕಾರ್ಡ್ ತಾ ಎಂದು. ಅಜ್ಜಿಯ ಹೆಸರಲ್ಲಿ ಕಾರ್ಡೇ ಇರಲಿಲ್ಲ! ಹತ್ತು ವರ್ಷ ಅವಳು ಕಟ್ಟಿದ್ದೆಲ್ಲ ಬೇರೆಯವರ ಕಾರ್ಡಿನಲ್ಲಿ ಬರೆಯಲ್ಪಟ್ಟಿತ್ತು. ಕಾರ್ಡ್ ಕಡಿಮೆಯಾದಷ್ಟೂ ಕಂತ್ರಾಟುದಾರನಿಗೆ ಕಟ್ಟಬೇಕಾದ ಪಿಎಫ್ ದುಡ್ಡು ಉಳಿಯುತ್ತಿತ್ತು. ಗಂಡಸರ ಮುಂದೆ ತಲೆ ಎತ್ತದ ನಿನ್ನ ಅಜ್ಜಿ ಮರುದಿನ ಬ್ರಾಂಚಿಗೆ ಹೋಗಿ, ಬುಟ್ಟಿಯನ್ನು ಮಡಿಲಲ್ಲಿ ಅವುಚಿಕೊಂಡು ಬೆಂಚಿನ ಮೇಲೆ ಕೂತಳು. ಹೆಸರು ಬರೆಯದೆ ಒಂದು ಕಟ್ಟೂ ಕೊಡುವುದಿಲ್ಲ ಎಂದು. ಮೂರು ದಿನ ಕೂತಳು. ಪಕ್ಕದಲ್ಲಿದ್ದ ನನಗೆ ನಾಚಿಕೆಯಾಗಿ ಸಾಯುವ ಹಾಗಾಗಿತ್ತು. ನಾಲ್ಕನೆಯ ದಿನ ಬರೆದುಕೊಂಡರು.

ಆ ಹಣದಿಂದಲೇ ನಮ್ಮ ಬದುಕು ಬದಲಾಯಿತು ಎಂದರೆ ಸುಳ್ಳು. ಬಂದದ್ದು ಪುಸ್ತಕಕ್ಕೆ, ಒಂದು ಕೊಡೆಗೆ ಸಾಕಾಯಿತು. ಆದರೆ ಹುಡುಗಿ ಶಾಲೆಗೆ ಹೋದರೂ ಮನೆಗೆ ನಾಲ್ಕು ಕಾಸು ಬರುತ್ತದೆ ಎಂದು ಗೊತ್ತಾದದ್ದೇ, ನನ್ನನ್ನು ಶಾಲೆ ಬಿಡಿಸುವ ಮಾತು ನಿಂತುಹೋಯಿತು. ಮುಂದಿನದ್ದು ನಿನಗೆ ಗೊತ್ತು: ಟಿಸಿಎಚ್ ಶಿಕ್ಷಕ ತರಬೇತಿ, ಮೇಷ್ಟ್ರಗಿರಿ, ನಿನ್ನ ಅಪ್ಪ, ಸೊಸೈಟಿ ಸಾಲದಲ್ಲಿ ಈ ತಾರಸಿ ಮನೆ.

ಗೊತ್ತಿಲ್ಲದ್ದು ಒಂದುಂಟು. ನಾಲ್ಕನೇ ಕ್ಲಾಸಿನಲ್ಲಿ ನೀನು ಅರ್ಧ ಇಡ್ಲಿ ಬಚ್ಚಲಿಗೆ ಎಸೆದ ದಿನ ನಾನು ನಿನಗೆ ಹೊಡೆದೆನಲ್ಲ, ಆ ಪೆಟ್ಟು ನಿನಗೆ ಸೇರಿದ್ದಲ್ಲ ಮಗಾ. ನೀನು ಅಳುತ್ತ ‘ಇನ್ನೂ ಎಂಟು ಇಡ್ಲಿ ಉಂಟಲ್ಲ!’ ಎಂದೆ. ನಿನ್ನ ಲೆಕ್ಕ ಸರಿಯೇ ಇತ್ತು. ಎಂಟು ಇಡ್ಲಿ ಉಳಿಯುವ ಮನೆಯನ್ನು ಕಟ್ಟಬೇಕೆಂದೇ ಹೊರಟವಳು ನಾನು. ಅದು ಆದ ಮೇಲೂ ನನ್ನ ಕೈಗೆ ಅದು ತಿಳಿಯಲಿಲ್ಲ. ಅವತ್ತು ಕೇಳದ ಕ್ಷಮೆ ಈಗ ಕೇಳುತ್ತಿದ್ದೇನೆ. ಅಡುಗೆಮನೆಯ ಆ ಎರಡು ಅಕ್ಕಿ ಡ್ರಮ್‌ಗಳನ್ನು ಮಾತ್ರ ತೆಗೆಯುವುದಿಲ್ಲ. ನೀನು ಎಷ್ಟು ಬೇಕಾದರೂ ತಮಾಷೆ ಮಾಡು.

ಆಟಿಯ ಊಟಕ್ಕೆ ಹೋಗಬೇಡ ಅಂತ ಇದೆಲ್ಲ ಬರೆದದ್ದಲ್ಲ. ಹೋಗು, ಚೆನ್ನಾಗಿ ತಿನ್ನು. ನನಗೂ ಎರಡು ಅಂಬಡೆ ಕಟ್ಟಿಸಿಕೊಂಡು ಬಾ.

ನಿನ್ನೆ ಆ ಫೋಟೊವನ್ನು ಅಜ್ಜಿಗೆ ತೋರಿಸಿದೆ. ಈಗಲೂ ಟಿವಿ ಮುಂದೆ ಕೂತರೆ ಅವಳ ಬೆರಳು ಸೆರಗಿನ ತುದಿಯನ್ನು ಸುತ್ತುತ್ತಲೇ ಇರುತ್ತದೆ. ಕನ್ನಡಕ ಏರಿಸಿ, ಫೋನನ್ನು ಹತ್ತಿರ ಹಿಡಿದು ತುಂಬ ಹೊತ್ತು ನೋಡಿದಳು. ಆಮೇಲೆ ಕೇಳಿದಳು: ‘ಇಷ್ಟೆಲ್ಲ ಉಂಟು, ಅನ್ನ ಎಲ್ಲಿ?’

ಅನ್ನ ಆಮೇಲೆ ಬಡಿಸಿದರಾ? ಅವಳಿಗೊಂದು ಫೋನ್ ಮಾಡಿ ಹೇಳು.

ನಿನ್ನ,
ಅಮ್ಮ